ಬಾಯಿ ಒಣಗುವ ಮುನ್ನ ಕೇಳಬೇಕಾದ ಪ್ರಶ್ನೆ

(ಗಾಣಗಾಪುರದಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯ ಸರಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟವಾಗತೊಡಗಿತು. ನಿಷೇಧ ಕಡತದಲ್ಲಿ ಉಳಿಯಿತು, ಕ್ಯಾನ್ಸರ್ ನಮ್ಮ ಮನೆಗಳಲ್ಲಿ ಉಳಿಯಿತು. ಆದರೆ ನಾನಿಂದು ಹೇಳಬೇಕಾದುದು ರೋಗ ಬಂದ ಮೇಲಿನ ಮಾತು.

ನಮ್ಮ ಜನರು ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯು ವಾರಕ್ಕೆ ಐದು ದಿನದಂತೆ ಸಾಮಾನ್ಯವಾಗಿ ಆರೇಳು ವಾರ ನಡೆಯುತ್ತದೆ. ಗಂಟಲಿನ ರೋಗ ವಾಸಿಯಾದರೂ ಅನೇಕರ ಬಾಯಿ ಒಣಗಿಯೇ ಉಳಿಯುತ್ತದೆ. ಜೋಳದ ರೊಟ್ಟಿಯ ತುತ್ತು ನೀರಿಲ್ಲದೆ ಇಳಿಯದು. ಹಲ್ಲು ಬೇಗನೆ ಹುಳುಕಾಗುತ್ತದೆ. ಇದನ್ನು ತಕ್ದೀರ್ ಎಂದು ಸಹಿಸಿಕೊಂಡು ಕೂರುವವರಿದ್ದಾರೆ. ಸಹನೆ ದೊಡ್ಡ ಗುಣವೇ ಸರಿ. ತಡೆಯಬಹುದಾದುದನ್ನು ತಡೆಯದಿರುವುದು ಸಹನೆಯಲ್ಲ.

ಲಾಲಾರಸದ ಅತಿ ದೊಡ್ಡ ಗ್ರಂಥಿಗಳೆರಡು ಕಿವಿಗಳ ಮುಂದೆ, ಕೆನ್ನೆಯ ಹಿಂಭಾಗದಲ್ಲಿವೆ. ಹಳೆಯ ಪದ್ಧತಿಯಲ್ಲಿ ಎರಡೂ ಬದಿಯಿಂದ ನೇರವಾಗಿ ಕಿರಣ ಬಿಡುವುದರಿಂದ ಅವೆರಡೂ ದಾರಿಯಲ್ಲೇ ಸಿಕ್ಕಿ ಸುಡುತ್ತವೆ. ಐ.ಎಂ.ಆರ್.ಟಿ. ಎಂಬ ಪದ್ಧತಿಯಲ್ಲಿ ಮೊದಲು ಸ್ಕ್ಯಾನ್ ಮಾಡಿ, ಗ್ರಂಥಿಯ ಗಡಿಯನ್ನು ಗುರುತಿಸಿ, ಕಿರಣದ ತೀವ್ರತೆಯನ್ನು ಅಲ್ಲಿ ತಗ್ಗಿಸುತ್ತಾರೆ. ಗ್ರಂಥಿಗೆ ಬೀಳುವ ಸರಾಸರಿ ಪ್ರಮಾಣ ಸುಮಾರು 26 ಗ್ರೇ ಒಳಗಿದ್ದರೆ ಅದು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಾರ್ಸ್‌ಪೋರ್ಟ್ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಹಳೆಯ ಪದ್ಧತಿಯವರಲ್ಲಿ ಶೇ. 74 ಮಂದಿಗೆ ಗಣನೀಯವಾಗಿ ಬಾಯಿ ಒಣಗಿದ್ದರೆ, ಹೊಸ ಪದ್ಧತಿಯವರಲ್ಲಿ ಶೇ. 38 ಮಂದಿಗೆ ಮಾತ್ರ. ಗೆಡ್ಡೆ ಗ್ರಂಥಿಗೆ ಅಂಟಿಕೊಂಡಿದ್ದರೆ ಗ್ರಂಥಿಯನ್ನು ಉಳಿಸಲಾಗದು; ಅಲ್ಲಿ ಜೀವ ಮೊದಲು.

ಆದ್ದರಿಂದ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಹೋಗಲಿ, ಸೊಲ್ಲಾಪುರಕ್ಕೇ ಹೋಗಲಿ, ಮೊದಲ ದಿನಕ್ಕೆ ಮುನ್ನವೇ ಕೇಳಿರಿ: “ಡಾಕ್ಟರೇ, ಒಂದು ಗ್ರಂಥಿಯನ್ನಾದರೂ ಉಳಿಸಬಹುದೇ? ಇಲ್ಲಿ ಆಗದಿದ್ದರೆ ಎಲ್ಲಿ?” ಬಡವನಿಗೆ ಈ ಪ್ರಶ್ನೆ ಕೇಳುವ ಹಕ್ಕಿಲ್ಲವೆಂದು ಯಾರೂ ತಿಳಿಯಬೇಕಿಲ್ಲ. ಆರೋಗ್ಯ ಕಾರ್ಡಿನಲ್ಲಿ ಯಾವ ಚಿಕಿತ್ಸೆ ಸಿಗುತ್ತದೆಂದೂ ವಿಚಾರಿಸಿರಿ. ಆದರೆ ಉತ್ತಮ ಯಂತ್ರ ಹುಡುಕುತ್ತಾ ವಾರಗಟ್ಟಲೆ ತಡ ಮಾಡಬೇಡಿ. ಆರಂಭವಾದ ಮೇಲೆ ಒಂದು ದಿನವನ್ನೂ ತಪ್ಪಿಸಬೇಡಿ. ದಿನ ತಪ್ಪಿದರೆ ರೋಗ ಮೇಲುಗೈ ಪಡೆಯುತ್ತದೆ. ಆರೇಳು ವಾರ ದಿನವೂ ಓಡಾಡಲಾಗದ ಕುಟುಂಬಕ್ಕೆ ನಗರದಲ್ಲಿ ತಂಗುವ ವ್ಯವಸ್ಥೆ ಮಾಡುವುದು ನಮ್ಮ ಜಮಾಅತ್‌ಗಳಿಗೆ ಅಸಾಧ್ಯವೇನಲ್ಲ. ಶಾಮಿಯಾನಕ್ಕೆ ಸುರಿಯುವ ಹಣದಲ್ಲಿ ಒಂದು ಕೋಣೆ ಬಾಡಿಗೆಗೆ ಸಿಗುತ್ತದೆ.

ಕೀಳಬೇಕಾದ ಹಲ್ಲುಗಳನ್ನು ಚಿಕಿತ್ಸೆಗೆ ಮುಂಚೆಯೇ ಕೀಳಿಸಿರಿ; ಆಮೇಲೆ ಕಿತ್ತರೆ ದವಡೆಯ ಎಲುಬು ಮಾಯದೆ ಕೊಳೆಯುವ ಅಪಾಯವಿದೆ. ಗಟ್ಟಿ ಮಿಸ್ವಾಕ್ ಬದಲು ಮೆತ್ತನೆಯ ಬ್ರಷ್ ಬಳಸಿರಿ. ರಮಝಾನಿನಲ್ಲಿ ಇಂಥ ರೋಗಿಗೆ ಗುಟುಕು ಗುಟುಕಾಗಿ ನೀರು ಬೇಕು. ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟವನು ಅಲ್ಲಾಹನೇ. ಮನೆಯವರು ಅದನ್ನು ಕಸಿಯಬಾರದು.