ಗಿಡಗಳಿಗೂ ಒಂದು ಗುರುಕುಲ
(ಜಾತ್ರಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನಕ್ಕೆ ಮುನ್ನ ಕಪಿಲೆಯಲ್ಲಿ ಮುಳುಗಿ ಏಳುವವರು ಆ ನೀರು ಎಲ್ಲಿಂದ ಬಂತೆಂದು ಯೋಚಿಸುವುದು ಕಡಿಮೆ. ಕಪಿಲೆ, ಅಂದರೆ ಕಬಿನಿ, ಹುಟ್ಟುವುದು ಕೇರಳದ ವಯನಾಡಿನಲ್ಲಿ. ಮಾನಂತವಾಡಿ ಹೊಳೆಯೂ ಪನಮರಂ ಹೊಳೆಯೂ ಕೂಡಿ ಕಬಿನಿಯಾಗಿ, ಹೆಗ್ಗಡದೇವನಕೋಟೆ ಸೀಮೆಯನ್ನು ಹಾಯ್ದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹೀಗಿರುವಾಗ ವಯನಾಡಿನ ಕಾಡಿನ ಸುದ್ದಿ ಪರರಾಜ್ಯದ ಸುದ್ದಿಯಲ್ಲ, ತೀರ್ಥದ ಸುದ್ದಿಯೇ ಸರಿ.

ಆ ಕಾಡಿನ ಬಹುಭಾಗ ಬ್ರಿಟಿಷರ ಕಾಲದಿಂದಲೇ ಚಹಾ, ಕಾಫಿ ತೋಟಗಳಿಗೆ ಬಲಿಯಾಯಿತು. 1973ರಲ್ಲಿ ಬಂಡೀಪುರ, ನಾಗರಹೊಳೆಗಳಿಗೆ ತಾಗಿದಂತೆ ಸುಮಾರು 344 ಚದರ ಕಿಲೋಮೀಟರಿನ ವಯನಾಡು ವನ್ಯಧಾಮವಾಯಿತು. ಆನೆ, ಹುಲಿಗಳಿಗೆ ಸರ್ಕಾರದ ಆಶ್ರಯ ದೊರೆಯಿತು. ಆದರೆ ಬಂಡೆಗೆ ಅಂಟಿದ ಪಾಚಿ, ಮರವೇರಿದ ಸೀತಾಳೆ, ನೆರಳಿನ ಜರೀಗಿಡ, ಅಂಗಳದ ಕರ್ಣಕುಂಡಲದ ಕಾಡುಬಳಗ, ಇವುಗಳನ್ನು ಕೇಳುವವರು ಯಾರು?

ಕೇಳಿದವರೊಬ್ಬರು ದೂರದ ಜರ್ಮನಿಯವರು. ವುಲ್ಫ್‌ಗ್ಯಾಂಗ್ ಥಿಯರ್‌ಕಾಫ್ ಎಂಬ ಆ ತರುಣರು ಆಧ್ಯಾತ್ಮದ ಹಸಿವಿನಿಂದ ಭಾರತಕ್ಕೆ ಬಂದು ನಟರಾಜ ಗುರುಗಳ ಶಿಷ್ಯರಾದರು. ಈ ನಟರಾಜ ಗುರುಗಳು 1895ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರು ಸಂಸ್ಥಾನದಲ್ಲಿ ವೈದ್ಯರಾಗಿ ದುಡಿದ ಡಾ. ಪಲ್ಪು ಅವರ ಮಗ. ನಾರಾಯಣ ಗುರುಗಳ ಪರಂಪರೆಯಲ್ಲಿ 1923ರಲ್ಲಿ ನಾರಾಯಣ ಗುರುಕುಲವನ್ನು ಸ್ಥಾಪಿಸಿದವರು ಇವರೇ. ಜಪತಪಕ್ಕೆಂದು ಬಂದ ಶಿಷ್ಯ ಕಡೆಗೆ ಪೆರಿಯ ಬಳಿಯ ಆಲಾಟ್ಟಿಲ್‌ನಲ್ಲಿ ಗಿಡಗಳ ಸೇವೆಗೆ ನಿಂತರು. 1981ರಲ್ಲಿ ಗುರುಕುಲ ಸಸ್ಯಧಾಮ ಆರಂಭವಾಯಿತು.

ಅಲ್ಲಿನ ಕೆಲಸ ಕೇಳಲು ಸರಳ, ಮಾಡಲು ಕಠಿಣ. ಕಾಡು ಕಡಿದ ಕಡೆ, ರಸ್ತೆ ಅಗೆದ ಕಡೆ ಸಾಯುತ್ತಿರುವ ಗಿಡಗಳನ್ನು ತಂದು ಬದುಕಿಸುತ್ತಾರೆ. ನಿರಾಶ್ರಿತರಿಗೆ ಅನ್ನ, ನೆರಳು ಕೊಟ್ಟಂತೆ. ಒಂದಕ್ಕೆ ಒದ್ದೆ ಬಂಡೆ ಬೇಕು, ಇನ್ನೊಂದಕ್ಕೆ ಮರದ ತೊಗಟೆ, ಮತ್ತೊಂದಕ್ಕೆ ತೊರೆಯ ತುಂತುರು. ಸ್ಥಳ ತಪ್ಪಿದರೆ ಗಿಡ ಉಳಿಯದು. ಹೀಗೆ ಅಲ್ಲಿ ನೆಲೆ ಕಂಡ ಜಾತಿಗಳು ಎರಡು ಸಾವಿರಕ್ಕೂ ಮಿಕ್ಕಿವೆ. ಇದನ್ನು ಸಾಧಿಸಿದವರಲ್ಲಿ ಹೆಚ್ಚಿನವರು ಪದವಿ ಪಡೆದ ಪಂಡಿತರಲ್ಲ, ಸುತ್ತಲಿನ ಹಳ್ಳಿಗಳ ಹೆಂಗಸರು. ಮುಟ್ಟಿ ನೋಡಿಯೇ ಗಿಡದ ಕಾಯಿಲೆ ಹೇಳಬಲ್ಲ ಕೈಗಳು ಅವು. ಧಾಮದ ಸುಪ್ರಭಾ ಶೇಷನ್ ಅವರಿಗೆ 2006ರಲ್ಲಿ ಇಂಗ್ಲೆಂಡಿನ ವಿಟ್ಲಿ ಪ್ರಶಸ್ತಿ ಬಂತು. ಥಿಯರ್‌ಕಾಫ್ 2014ರಲ್ಲಿ ತೀರಿಕೊಂಡ ಮೇಲೂ ಆ ಕೈಗಳ ಕೆಲಸ ನಿಲ್ಲಲಿಲ್ಲ.

ಗಿಡವನ್ನು ಉಳಿಸಿದ ಮಾತ್ರಕ್ಕೆ ಕಾಡು ಉಳಿದಂತಾಯಿತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕೆಲವು ಎಕರೆ ಧಾಮವು ಇಡೀ ಮಲೆಗೆ ಬದಲಿಯಾಗದು. ಆದರೆ ಬೀಜವೇ ಉಳಿಯದಿದ್ದರೆ, ನಾಳೆ ಯಾರಾದರೂ ನೆಲ ಬಿಟ್ಟುಕೊಟ್ಟರೂ ಅಲ್ಲಿಗೆ ಮರಳಲು ಏನಿರುತ್ತದೆ?

ಇದು ಹೊಸ ಮಾತೂ ಅಲ್ಲ. ಕೊಡಗಿನಲ್ಲಿ ದೇವರಕಾಡುಗಳು ಇಂದಿಗೂ ಸಾವಿರಕ್ಕೂ ಮಿಕ್ಕಿ ಇವೆ. ಕೊಡಲಿ ಎತ್ತಬಾರದೆಂಬ ಕಟ್ಟುಪಾಡು ಸರ್ಕಾರದ ಕಾನೂನಿಗಿಂತ ಹಳೆಯದು. ಹಾಗಿದ್ದೂ ಎಷ್ಟೋ ಕಡೆ ಒತ್ತುವರಿಯಾಗಿ, ಗುಡಿ ದೊಡ್ಡದಾಗುತ್ತ ಕಾಡು ಚಿಕ್ಕದಾಗಿದೆ. ಕುಟ್ಟ, ತೋಲ್ಪೆಟ್ಟಿ ದಾರಿಯಲ್ಲಿ ತಿರುನೆಲ್ಲಿಗೆ ಹೋಗಿ ಪಾಪನಾಶಿನಿಯಲ್ಲಿ ಪಿತೃಗಳಿಗೆ ಪಿಂಡ ಬಿಡುವ ಭಕ್ತರು ಈ ಭಾಗದಲ್ಲಿ ಬಹಳ ಮಂದಿ. ಆ ದಾರಿ ವನ್ಯಧಾಮದ ನಡುವೆಯೇ ಹಾಯುತ್ತದೆ. ಪೆರಿಯ ಇರುವುದೂ ಅದೇ ಮಾನಂತವಾಡಿ ತಾಲೂಕಿನಲ್ಲಿ.