ಗುರಿಯ ಹಿಂದೆ ನಿಂತವರು: ಭಾರತೀಯ ಶೂಟಿಂಗ್ ಲೋಕ ಮತ್ತು ಅಗಲಿದವರ ಸ್ಮರಣೆ

ನಿಗದಿತ ದೂರದಲ್ಲಿ ನಿಲ್ಲಿಸಿದ ಅಥವಾ ಗಾಳಿಗೆ ಎಸೆದ ಗುರಿಗೆ ರೈಫಲ್, ಪಿಸ್ತೂಲು ಇಲ್ಲವೇ ಶಾಟ್‌ಗನ್ನಿನಿಂದ ಗುಂಡು ಹೊಡೆಯುವ ಶೂಟಿಂಗ್ ಕ್ರೀಡೆ ನೋಡುಗರ ಜನಸಂದಣಿಯನ್ನು ನೆಚ್ಚಿಕೊಂಡು ಬೆಳೆದುದಲ್ಲ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕ ತಂದುಕೊಡುವ ನಡುಚುಕ್ಕೆಯ ವ್ಯಾಸ 0.5 ಮಿಲಿಮೀಟರ್ ಮಾತ್ರ. ಆ ಚುಕ್ಕೆಯನ್ನು ತಾಗಿದ ಮತ್ತು ಕೂದಲೆಳೆಯಷ್ಟು ತಪ್ಪಿದ ಹೊಡೆತಗಳ ನಡುವಣ ಅಂತರ ಹಿಂದೆ ಕುಳಿತವರ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಹೀಗಾಗಿ ಒಬ್ಬ ಶೂಟರ್‌ನ ಸಾಧನೆಗೆ ನಿಜವಾದ ಸಾಕ್ಷಿಗಳು ಬೆರಳೆಣಿಕೆಯವರು: ಪಕ್ಕದ ಅಂಕಣದಲ್ಲಿ ನಿಂತ ಸಹಸ್ಪರ್ಧಿ, ಬೆನ್ನ ಹಿಂದೆ ಮಾತಿಲ್ಲದೆ ನಿಂತ ತರಬೇತುದಾರ, ಮತ್ತು ಗುಂಡು ಹಾರಿಸಲು ಆದೇಶ ಕೊಟ್ಟು ಅಪಾಯ ಕಂಡೊಡನೆ ಎಲ್ಲರನ್ನೂ ತಡೆಯುವ ರೇಂಜ್ ಆಫೀಸರ್. ಈ ವಲಯದಲ್ಲಿ ಯಾರಾದರೂ ಅಗಲಿದಾಗ ಅವರ ನೆನಪು ಉಳಿಯುವುದು ಈ ಕೆಲವರಲ್ಲಿ, ಮತ್ತು ಆ ಕೆಲವರೂ ಮುಗಿದ ಮೇಲೆ ಅದು ಎಲ್ಲಿಯೂ ಉಳಿಯದೆ ಹೋಗುವ ಸಂಭವವೇ ಹೆಚ್ಚು. ಕ್ರಿಕೆಟ್ಟಿನಂತಹ ಆಟಗಳಲ್ಲಿ ಲಕ್ಷಾಂತರ ಅಭಿಮಾನಿಗಳು ಹೊರುವ ಈ ಭಾರವನ್ನು ಶೂಟಿಂಗ್‌ನಲ್ಲಿ ಕ್ರೀಡಾವಲಯವೇ ಹೊರಬೇಕಾಗುತ್ತದೆ.

ಭಾರತದಲ್ಲಿ ಈ ವಲಯವು ಅಗಲಿದವರನ್ನು ನೆನೆಯಲು ಮುಖ್ಯವಾಗಿ ಹಿಡಿದ ದಾರಿ ಹೆಸರಿಡುವುದು. ಸ್ಪರ್ಧೆಗಳಿಗೆ, ಪಾರಿತೋಷಕಗಳಿಗೆ ಮತ್ತು ಗುಂಡು ಹೊಡೆಯಲೆಂದೇ ಕಟ್ಟಿದ ರಕ್ಷಿತ ಅಂಗಣಗಳಾದ ರೇಂಜ್‌ಗಳಿಗೆ ಹಿರಿಯರ ಹೆಸರುಗಳನ್ನು ಇಡಲಾಗಿದೆ. ಕುಮಾರ್ ಸುರೇಂದ್ರ ಸಿಂಗ್ ಸ್ಮಾರಕ ಚಾಂಪಿಯನ್‌ಷಿಪ್, ಸರ್ದಾರ್ ಸಜ್ಜನ್ ಸಿಂಗ್ ಸೇಠಿ ಸ್ಮಾರಕ ಮಾಸ್ಟರ್ಸ್ ಸ್ಪರ್ಧೆ ಮುಂತಾದವು ಈ ಸಂಪ್ರದಾಯಕ್ಕೆ ಸೇರಿದವು. ಇದು ಗೌರವದ ದಾರಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರು ನಾಲಿಗೆಯ ಮೇಲೆ ಉಳಿದು ವ್ಯಕ್ತಿ ಮರೆಯಾಗುವ ಅಪಾಯವೂ ಇದರಲ್ಲಿಯೇ ಅಡಗಿದೆ. ಇದಕ್ಕೆ ಬಹು ಸ್ಪಷ್ಟವಾದ ಉದಾಹರಣೆ ಅಖಿಲ ಭಾರತ ಜಿ. ವಿ. ಮಾವಳಂಕರ್ ಶೂಟಿಂಗ್ ಚಾಂಪಿಯನ್‌ಷಿಪ್. ರಾಜ್ಯಮಟ್ಟವನ್ನು ದಾಟಿ ರಾಷ್ಟ್ರೀಯ ಸ್ಪರ್ಧೆಗೆ ಅರ್ಹತೆ ಗಳಿಸಲು ಹಲವು ತಲೆಮಾರುಗಳ ಶೂಟರ್‌ಗಳು ಹಾದುಬಂದ ಮೆಟ್ಟಿಲು ಅದು, ಮತ್ತು ಶೂಟರ್‌ಗಳ ಮಾತಿನಲ್ಲಿ ‘ಮಾವಳಂಕರ್’ ಎಂದರೆ ಸ್ಪರ್ಧೆಯೇ ಹೊರತು ಮನುಷ್ಯನಲ್ಲ ಎನ್ನುವಷ್ಟರ ಮಟ್ಟಿಗೆ ಆ ಹೆಸರು ಬಳಕೆಯಲ್ಲಿ ಸವೆದಿದೆ.

ಗಣೇಶ ವಾಸುದೇವ ಮಾವಳಂಕರ್ ಅಹಮದಾಬಾದಿನ ವಕೀಲರು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು, ಗಾಂಧೀಜಿಯವರ ನಿಕಟವರ್ತಿಗಳು ಮತ್ತು 1952ರಲ್ಲಿ ಲೋಕಸಭೆಯ ಮೊದಲ ಸಭಾಧ್ಯಕ್ಷರಾದವರು. 1951ರಲ್ಲಿ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ ಹುಟ್ಟಿದಾಗ ಅದರ ಸ್ಥಾಪಕ ಅಧ್ಯಕ್ಷತೆಯನ್ನು ವಹಿಸಿದವರು ಇವರೇ. ಅಹಿಂಸೆಯ ಚಳವಳಿಯಿಂದ ಬಂದ ನಾಯಕರೊಬ್ಬರು ರೈಫಲ್ ಸಂಸ್ಥೆಯನ್ನು ಮುನ್ನಡೆಸಿದ್ದು ಮೇಲ್ನೋಟಕ್ಕೆ ಅಚ್ಚರಿ ಎನಿಸಬಹುದು. ಆದರೆ 1878ರ ಶಸ್ತ್ರಾಸ್ತ್ರ ಕಾಯ್ದೆಯ ಮೂಲಕ ವಸಾಹತು ಸರಕಾರವು ಸಾಮಾನ್ಯ ಭಾರತೀಯನ ಕೈಗೆ ಬಂದೂಕು ಸಿಗದಂತೆ ಮಾಡಿ, ಅದನ್ನು ಆಳುವವರ, ಅರಸರ ಮತ್ತು ಸೈನಿಕರ ಸ್ವತ್ತಾಗಿಸಿದ್ದನ್ನು ನೆನೆದರೆ, ನಾಗರಿಕರಿಗೆ ಶಿಸ್ತಿನ ಚೌಕಟ್ಟಿನಲ್ಲಿ ಗುರಿವಿದ್ಯೆ ಕಲಿಸುವ ಸಂಸ್ಥೆಯೊಂದಕ್ಕೆ ಹೊಸ ಗಣರಾಜ್ಯದ ಸಂಸದೀಯ ಮುಖಂಡರೇ ಅಧ್ಯಕ್ಷರಾದುದರ ಔಚಿತ್ಯ ತಿಳಿಯುತ್ತದೆ. ಮಾವಳಂಕರ್ 1956ರಲ್ಲಿ ತೀರಿಕೊಂಡರು. ಅವರ ಹೆಸರಿನ ಸ್ಪರ್ಧೆಯಲ್ಲಿ ಭಾಗವಹಿಸುವ ಪ್ರತಿಯೊಬ್ಬ ಹುಡುಗ, ಹುಡುಗಿಗೆ ಇಷ್ಟು ಸಂಗತಿಯಾದರೂ ಒಂದು ಪುಟದಲ್ಲಿ ಅಚ್ಚಾಗಿ ದೊರೆಯುವುದು ನ್ಯಾಯ.

ಹೆಸರೂ ವ್ಯಕ್ತಿಯೂ ಒಟ್ಟಿಗೇ ಉಳಿದುಬಂದ ಅಪರೂಪದ ನಿದರ್ಶನ ಬಿಕಾನೇರದ ಮಹಾರಾಜ ಡಾ. ಕರಣಿ ಸಿಂಗ್ ಅವರದು. 1924ರಲ್ಲಿ ಹುಟ್ಟಿದ ಅವರು 1952ರಿಂದ 1977ರವರೆಗೆ ಲೋಕಸಭೆಯ ಸದಸ್ಯರಾಗಿದ್ದರು, ಮತ್ತು ಅದೇ ಅವಧಿಯಲ್ಲಿ ಟ್ರ್ಯಾಪ್ ಸ್ಪರ್ಧೆಯ ಭಾರತೀಯ ಮುಖವೂ ಆಗಿದ್ದರು. ಟ್ರ್ಯಾಪ್ ಎಂದರೆ ಕಂದಕದಲ್ಲಿ ಅಡಗಿಸಿದ ಯಂತ್ರವು ಥಟ್ಟನೆ ಎಸೆಯುವ, ಸುಮಾರು 11 ಸೆಂಟಿಮೀಟರ್ ಅಗಲದ ತಟ್ಟೆಯಾಕಾರದ ಗುರಿಯನ್ನು ಅದು ದೂರ ಸರಿಯುವ ಮೊದಲೇ ಶಾಟ್‌ಗನ್ನಿನಿಂದ ಒಡೆಯುವ ಸ್ಪರ್ಧೆ. ಹಿಂದೊಮ್ಮೆ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುತ್ತಿದ್ದ ಆಟದ ಜಾಗಕ್ಕೆ ಬಂದುದರಿಂದ ಈ ತಟ್ಟೆಗಳಿಗೆ ಇಂದಿಗೂ ‘ಕ್ಲೇ ಪಿಜನ್’ ಎಂಬ ಹೆಸರಿದೆ. ಕರಣಿ ಸಿಂಗ್ 1960ರ ರೋಮ್, 1964ರ ಟೋಕಿಯೊ, 1968ರ ಮೆಕ್ಸಿಕೊ, 1972ರ ಮ್ಯೂನಿಕ್ ಮತ್ತು 1980ರ ಮಾಸ್ಕೊ, ಹೀಗೆ ಐದು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. 1961ರಲ್ಲಿ, ಅರ್ಜುನ ಪ್ರಶಸ್ತಿ ಆರಂಭವಾದ ವರ್ಷವೇ, ಅದನ್ನು ಪಡೆದರು. 1962ರಲ್ಲಿ ಕೈರೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಸ್ಥಾನಕ್ಕೆ ಸಮಬಲ ಸಾಧಿಸಿ, ಸಮಬಲವನ್ನು ಮುರಿಯಲು ನಡೆಸುವ ಶೂಟ್‌ಆಫ್ ಎಂಬ ಹೆಚ್ಚುವರಿ ಸುತ್ತಿನಲ್ಲಿ ಹಿಂದೆಬಿದ್ದು, ಬೆಳ್ಳಿ ಗೆದ್ದರು.

ಅರಸು ಮನೆತನದಲ್ಲಿ ಬಂದೂಕು ಶಿಕಾರಿಯ ಸಾಧನವಾಗಿದ್ದ ಕಾಲದಲ್ಲಿ ಹುಟ್ಟಿ, ಅದನ್ನು ಅಳೆದು ತೂಗಿದ ಅಂಕಗಳ ಕ್ರೀಡೆಯ ಸಾಧನವಾಗಿ ದೇಶಕ್ಕೆ ಪರಿಚಯಿಸಿದ್ದು ಅವರ ಪದಕಗಳಿಗಿಂತ ದೊಡ್ಡ ಕೊಡುಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಶಿಕಾರಿಯ ಯುಗ ಮುಗಿಯುವ ಹೊತ್ತಿಗೆ ಬಂದೂಕಿಗೆ ಮತ್ತೊಂದು ಗೌರವದ ನೆಲೆ ಸಿದ್ಧವಾಗಿತ್ತೆಂದರೆ ಅದರಲ್ಲಿ ಅವರ ಪಾಲಿದೆ. 1988ರಲ್ಲಿ ಅವರು ನಿಧನರಾದರು. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ದೆಹಲಿಯ ತುಘಲಕಾಬಾದಿನಲ್ಲಿ ಕಟ್ಟಿದ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಹೊಸದಾಗಿ ಸಜ್ಜುಗೊಳಿಸಿದ ರೇಂಜ್ ಇಂದು ಅವರ ಹೆಸರಿನಲ್ಲಿದೆ. ಆದರೆ ಅವರ ಬದುಕಿನ ವಿವರಗಳು ಉಳಿದಿರುವುದು ಆ ಫಲಕದಿಂದಲ್ಲ. ತಮ್ಮ ಶೂಟಿಂಗ್ ಅನುಭವಗಳನ್ನು ‘ಫ್ರಮ್ ರೋಮ್ ಟು ಮಾಸ್ಕೊ’ ಎಂಬ ಪುಸ್ತಕದಲ್ಲಿ ಅವರೇ ಬರೆದಿಟ್ಟರು. ಬರೆಯುವ ಬಿಡುವು, ಭಾಷೆ ಮತ್ತು ಅನುಕೂಲ ಅವರಿಗಿದ್ದವು. ಆದರೆ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ರೈಫಲ್ ಹಿಡಿದು ಹೋದ ಬಂಗಾಳದ ಹರಿಹರ ಬ್ಯಾನರ್ಜಿ ಅವರಂತಹ ಮೊದಲಿಗರ ಹೆಸರು ಇಂದು ಫಲಿತಾಂಶ ಪಟ್ಟಿಗಳನ್ನು ಹುಡುಕಿ ಓದುವವರಿಗಷ್ಟೇ ಸಿಗುತ್ತದೆ.

ಸ್ಪರ್ಧಿಗಳಿಗಿಂತ ಬೇಗನೆ ಮರೆವಿಗೆ ಸಲ್ಲುವವರು ತರಬೇತುದಾರರು. ಈ ದೃಷ್ಟಿಯಿಂದ 2025ರ ಏಪ್ರಿಲ್ 30ರಂದು ಅಗಲಿದ ಪ್ರೊ. ಸನ್ನಿ ಥಾಮಸ್ ಅವರ ಜೀವನ ವಿಶೇಷ ಗಮನಕ್ಕೆ ಅರ್ಹವಾದುದು. ಕೇರಳದ ಕೊಟ್ಟಾಯಂ ಜಿಲ್ಲೆಯವರಾದ ಅವರು ಉಳವೂರಿನ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಸ್ವತಃ ರೈಫಲ್ ಶೂಟರ್ ಆಗಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದಿದ್ದ ಅವರು 1993ರಿಂದ 2012ರವರೆಗೆ ಭಾರತ ತಂಡದ ಮುಖ್ಯ ತರಬೇತುದಾರರಾಗಿದ್ದರು. 2001ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದರು. ಅವರ ಅವಧಿಯ ಆರಂಭದಲ್ಲಿ ಭಾರತಕ್ಕೆ ಶೂಟಿಂಗ್‌ನಲ್ಲಿ ಒಂದೂ ಒಲಿಂಪಿಕ್ ಪದಕವಿರಲಿಲ್ಲ. ಅದು ಮುಗಿಯುವ ವೇಳೆಗೆ ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರಲ್ಲಿ ಅಥೆನ್ಸ್‌ನಲ್ಲಿ ಬೆಳ್ಳಿ, ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ, ವಿಜಯ್ ಕುಮಾರ್ ಮತ್ತು ಗಗನ್ ನಾರಂಗ್ 2012ರಲ್ಲಿ ಲಂಡನ್‌ನಲ್ಲಿ ಬೆಳ್ಳಿ ಹಾಗೂ ಕಂಚು ಗೆದ್ದಿದ್ದರು.

ಶ್ರದ್ಧಾಂಜಲಿಯ ಮಾತುಗಳಲ್ಲಿ ಈ ನಾಲ್ಕೂ ಪದಕಗಳನ್ನು ಒಬ್ಬರ ಮುಡಿಗೇ ಏರಿಸಿಬಿಡುವುದು ಸುಲಭ. ಅದು ಸರಿಯಲ್ಲ, ಅಗಲಿದವರಿಗೆ ಸಲ್ಲುವ ಗೌರವವೂ ಅಲ್ಲ. ಬಿಂದ್ರಾ ಜರ್ಮನಿಯಲ್ಲಿ ಪ್ರತ್ಯೇಕ ತರಬೇತಿ ಪಡೆದಿದ್ದರು. ರಾಥೋಡ್ ಸೇನೆಯ ವ್ಯವಸ್ಥೆಯಿಂದ ಬಂದವರು. ಅವರ ಡಬಲ್ ಟ್ರ್ಯಾಪ್ ಶಾಟ್‌ಗನ್ನಿನ ಸ್ಪರ್ಧೆಯಾದರೆ ಥಾಮಸ್ ಅವರದು ರೈಫಲ್ಲಿನ ಹಿನ್ನೆಲೆ. ಹಾಗಿದ್ದರೆ ಮುಖ್ಯ ತರಬೇತುದಾರರ ಪಾಲು ಯಾವುದು? ಸ್ವಭಾವದಲ್ಲಿ, ಸಂಪನ್ಮೂಲದಲ್ಲಿ, ಸಾಮಾಜಿಕ ಹಿನ್ನೆಲೆಯಲ್ಲಿ ಒಬ್ಬರಿಗೊಬ್ಬರು ಹೋಲಿಕೆಯೇ ಇಲ್ಲದ ಶೂಟರ್‌ಗಳನ್ನು ಹತ್ತೊಂಬತ್ತು ವರ್ಷ ಒಂದು ತಂಡವಾಗಿ ಹಿಡಿದಿಡುವುದು, ಶಿಬಿರಗಳನ್ನು ನಡೆಸುವುದು, ಯಾರ ವೈಯಕ್ತಿಕ ಗುರುವಿನ ಕೆಲಸಕ್ಕೂ ಅಡ್ಡಬರದೆ ಎಲ್ಲರ ಕೆಲಸವೂ ದೇಶದ ತಂಡದಲ್ಲಿ ಕೂಡಿಕೊಳ್ಳುವಂತೆ ನೋಡಿಕೊಳ್ಳುವುದು ಆ ಹುದ್ದೆಯ ತಿರುಳು. ಇಂತಹ ಕೆಲಸಕ್ಕೆ ಅಂಕಪಟ್ಟಿಯಲ್ಲಿ ಸಾಲಿಲ್ಲ. ಅದನ್ನು ಅಷ್ಟೇ ನಿಖರವಾಗಿ ಬರೆದಿಟ್ಟರೆ ಥಾಮಸ್ ಅವರ ಹಿರಿಮೆ ಕುಗ್ಗುವುದಿಲ್ಲ; ಅದು ಯಾವ ಬಗೆಯದೆಂದು ಮುಂದಿನವರಿಗೆ ತಿಳಿಯುತ್ತದೆ. ಮುಂಬಯಿಯಲ್ಲಿ ಅಂಜಲಿ ಭಾಗವತ್, ಸುಮಾ ಶಿರೂರು ಮುಂತಾದ ರೈಫಲ್ ಶೂಟರ್‌ಗಳ ತಲೆಮಾರನ್ನು ತಿದ್ದಿ ಬೆಳೆಸಿ 2021ರ ಏಪ್ರಿಲ್‌ನಲ್ಲಿ ತೀರಿಕೊಂಡ ಸಂಜಯ್ ಚಕ್ರವರ್ತಿ ಅವರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ: ಅವರ ಬೋಧನೆಯ ಕ್ರಮ ಶಿಷ್ಯೆಯರ ನೆನಪಿನಲ್ಲಿದೆ, ಈಗ ತರಬೇತುದಾರರಾಗಿರುವ ಆ ಶಿಷ್ಯೆಯರ ಪಾಠಗಳಲ್ಲಿಯೂ ಇದೆ, ಪುಸ್ತಕದಲ್ಲಿ ಬರುವುದು ಬಾಕಿಯಿದೆ.

2021ರ ಅದೇ ಏಪ್ರಿಲ್ ತಿಂಗಳ ಕೊನೆಯ ದಿನ ಕೋವಿಡ್‌ನಿಂದ ತೀರಿಕೊಂಡ ಚಂದ್ರೊ ತೋಮರ್ ಅವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬುದು ಒಳ್ಳೆಯ ಪ್ರಶ್ನೆ. ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಜೋಹ್ರಿ ಎಂಬ ಹಳ್ಳಿಯಲ್ಲಿ, ಅರವತ್ತು ದಾಟಿದ ಮೇಲೆ, ಮೊಮ್ಮಗಳ ಜೊತೆಗೆಂದು ರೇಂಜಿಗೆ ಹೋದವರು ತಾವೇ ಪಿಸ್ತೂಲು ಹಿಡಿದರು. ತೋಳು ಅಲುಗದಿರಲೆಂದು ನೀರು ತುಂಬಿದ ಪಾತ್ರೆಯನ್ನು ಹಿಡಿದು ಅಭ್ಯಾಸ ಮಾಡಿದ ಸಂಗತಿ ಪ್ರಸಿದ್ಧವಾಗಿದೆ. ಹಿರಿಯರ ವಿಭಾಗದ ಸ್ಪರ್ಧೆಗಳಲ್ಲಿ ಅವರು ಪದಕಗಳನ್ನು ಗೆದ್ದದ್ದು ನಿಜ. ಆದರೆ ಸೆರಗಿನ ಮರೆಯಲ್ಲಿ ಮುಖವಿರಬೇಕೆಂಬ ಕಟ್ಟಳೆಯಿದ್ದ ಊರಿನಲ್ಲಿ ಅಜ್ಜಿಯೇ ರೇಂಜಿಗೆ ಹೋಗುವಾಗ ಮೊಮ್ಮಕ್ಕಳನ್ನು ತಡೆಯುವ ಬಾಯಿ ಯಾರಿಗೂ ಉಳಿಯಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ. ಅವರೊಂದಿಗೇ ಶೂಟಿಂಗ್ ಕಲಿತ ವಾರಗಿತ್ತಿ ಪ್ರಕಾಶಿ ತೋಮರ್ ಅವರ ಮಗಳು ಸೀಮಾ ತೋಮರ್ 2010ರಲ್ಲಿ ವಿಶ್ವಕಪ್ ಟ್ರ್ಯಾಪ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಚಂದ್ರೊ ಅವರ ನಿಧನದ ನಂತರ ನೋಯ್ಡಾದ ಶೂಟಿಂಗ್ ರೇಂಜಿಗೆ ಅವರ ಹೆಸರಿಡುವ ತೀರ್ಮಾನವನ್ನು ರಾಜ್ಯ ಸರಕಾರ ಪ್ರಕಟಿಸಿತು. ತುಘಲಕಾಬಾದಿನ ರೇಂಜ್ ಒಬ್ಬ ಮಹಾರಾಜರ ಹೆಸರಿನಲ್ಲಿ, ಅದರ ನೆರೆಯ ನಗರದ ರೇಂಜ್ ಒಬ್ಬ ರೈತಾಪಿ ಅಜ್ಜಿಯ ಹೆಸರಿನಲ್ಲಿ: ಈ ಕ್ರೀಡೆ ಅರ್ಧ ಶತಮಾನದಲ್ಲಿ ಕ್ರಮಿಸಿದ ದೂರ ಇಷ್ಟರಿಂದಲೇ ತಿಳಿಯುತ್ತದೆ.

ಕರ್ನಾಟಕದ ಮಟ್ಟಿಗೆ ಬಂದೂಕು ಮತ್ತು ಅಗಲಿದವರ ಸ್ಮರಣೆ ಎರಡೂ ಒಂದೇ ಆಚರಣೆಯಲ್ಲಿ ಕೂಡುವ ನೆಲ ಕೊಡಗು. ಕೊಡವ ಸಂಪ್ರದಾಯದಲ್ಲಿ ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವು ಸಂಭವಿಸಿದಾಗ ಎರಡು ಗುಂಡು ಹಾರಿಸುವ ಕ್ರಮವಿದೆ. ಗುಡ್ಡಗಳ ನಡುವೆ ದೂರದೂರ ಚದುರಿದ ಮನೆಗಳಿಗೆ ಸುದ್ದಿ ಮುಟ್ಟಿಸುವ ದಾರಿಯೂ ಅದೇ ಆಗಿತ್ತು. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೋಳ್ದ್ ಹಬ್ಬದಂದು ಕೋವಿಗಳನ್ನು ‘ತೋಕ್ ಪೂ’ ಎಂದು ಕರೆಯುವ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ, ಬಳಿಕ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಗತಿಸಿದ ಹಿರಿಯರಿಗೆ ಎಡೆಯಿಡುವ ಕಾರಣಂಗ್ ಕೊಡ್ಪ, ಅವರ ನೆಲೆಯಾದ ಕೈಮಡ, ಮನೆತನದ ಮೂಲಮನೆಯಾದ ಐನ್‌ಮನೆ ಇವೆಲ್ಲವೂ ಕೋವಿ ಹಿಡಿದ ಕೈಗಳನ್ನು ಒಂದು ವಂಶದ ಎಳೆಗೆ ಜೋಡಿಸುತ್ತವೆ. ಕೊಡವರಿಗೂ, ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಭೂಮಿ ಪಡೆದ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಹತ್ತೊಂಬತ್ತನೆಯ ಶತಮಾನದಿಂದ ದೊರೆತುಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು.

ಸ್ಪರ್ಧಾತ್ಮಕ ಶೂಟಿಂಗ್ ಬೇರೆ ಮೂಲದ್ದು, ಬೇರೆ ನಿಯಮಗಳದ್ದು. ಅದನ್ನೂ ಕೊಡಗಿನ ಕೋವಿ ಸಂಪ್ರದಾಯವನ್ನೂ ಒಂದೇ ಎನ್ನಲಾಗದು. ಆದರೂ ಒಂದು ವಿಷಯದಲ್ಲಿ ಕೊಡಗಿನ ರೂಢಿ ಕ್ರೀಡಾಸಂಸ್ಥೆಗಳಿಗಿಂತ ಮುಂದಿದೆ. ಅಲ್ಲಿ ಗೆದ್ದವನಿಗೆ ಮಾತ್ರ ಎಡೆಯಿಡುವುದಿಲ್ಲ, ಮನೆತನದಲ್ಲಿ ಬಾಳಿದವರೆಲ್ಲರೂ ಕಾರಣವರೇ, ಅಂದರೆ ಪೂಜ್ಯ ಹಿರಿಯರೇ. ಶೂಟಿಂಗ್ ವಲಯದ ಸ್ಮರಣೆಯೂ ಅಷ್ಟು ಅಗಲವಾಗಬೇಕು. ಕಾಗದದ ಗುರಿಹಾಳೆಗಳ ಕಾಲದಲ್ಲಿ ತೂತಿನ ಅಂಚಿಗೆ ಗೇಜ್ ಹಿಡಿದು ಅಂಕ ನಿರ್ಧರಿಸಿದವರು, ಕೆಟ್ಟ ಟ್ರಿಗರನ್ನು ರಾತ್ರಿ ಕುಳಿತು ಸರಿಪಡಿಸಿದ ಆರ್ಮರರ್‌ಗಳು, ಆಮದು ಮಾಡಿಕೊಂಡ ತೋಟೆಗಳು ಸಿಗದ ದಿನಗಳಲ್ಲಿ ತಮ್ಮ ಪಾಲಿನದನ್ನು ಕಿರಿಯರಿಗೆ ಬಿಟ್ಟುಕೊಟ್ಟವರು, ಗುಂಡು ತಡೆಯುವ ಮಣ್ಣುದಿಬ್ಬವನ್ನು ನಿಂತು ಕಟ್ಟಿಸಿದವರು, ಒಂದೂ ಅವಘಡವಾಗದಂತೆ ದಶಕಗಳ ಕಾಲ ರೇಂಜ್ ಕಾದವರು, ಇವರಿಲ್ಲದೆ ಯಾವ ಪದಕವೂ ಬಂದಿಲ್ಲ. ಈಗ ಎಲೆಕ್ಟ್ರಾನಿಕ್ ಗುರಿಗಳು ಬಂದು ಆ ಕೆಲಸಗಳಲ್ಲಿ ಹಲವು ಇಲ್ಲವಾಗುತ್ತಿರುವುದರಿಂದ, ಅವುಗಳನ್ನು ಮಾಡಿದವರ ಜೊತೆಗೆ ಕೆಲಸದ ಅರಿವೂ ಅಳಿಯುತ್ತಿದೆ.

ಆದ್ದರಿಂದ ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು ಮುಂತಾದ ಕಡೆಗಳ ಶೂಟಿಂಗ್ ಆಸಕ್ತರಲ್ಲಿ ಒಂದು ವಿನಂತಿ ಸಲ್ಲುತ್ತದೆ. ಸ್ಮಾರಕ ಪಾರಿತೋಷಕವೊಂದನ್ನು ಇಡುವಾಗ ಅದರೊಡನೆ ಆ ವ್ಯಕ್ತಿ ಯಾವ ವರ್ಷಗಳಲ್ಲಿ, ಯಾವ ರೇಂಜಿನಲ್ಲಿ, ಯಾವ ಕೆಲಸ ಮಾಡಿದರು, ಯಾರಿಗೆ ಕಲಿಸಿದರು ಎಂಬುದನ್ನು ನಾಲ್ಕು ಪುಟಗಳಲ್ಲಿ ಕನ್ನಡದಲ್ಲಿ ಬರೆಯಿಸಿ, ಸ್ಪರ್ಧೆಯ ದಿನ ಪ್ರತಿಯೊಬ್ಬ ಸ್ಪರ್ಧಿಯ ಕೈಗೂ ಕೊಡಬೇಕು. ಹಿರಿಯ ರೇಂಜ್ ಆಫೀಸರ್‌ಗಳೂ ತರಬೇತುದಾರರೂ ಬದುಕಿರುವಾಗಲೇ ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಈ ಕೆಲಸಕ್ಕೆ ಸರಕಾರದ ಅನುದಾನ ಬೇಕಿಲ್ಲ, ದೊಡ್ಡ ಸಂಸ್ಥೆಯೂ ಬೇಕಿಲ್ಲ. ಪ್ರತಿಯೊಂದು ಕ್ಲಬ್ಬಿನಲ್ಲಿ ಬರೆಯಲು ಬಲ್ಲ ಒಬ್ಬರು ಈ ವರ್ಷವೇ ಮುಂದೆ ಬಂದರೆ ಸಾಕು.