ಮಕ್ಕಳ ದವಡೆಯ ಬಾವು ಮತ್ತು ಕ್ಷ-ಕಿರಣ ಚಿತ್ರ



ಮಗುವಿನ ಕೆನ್ನೆ ಊದಿಕೊಂಡರೆ ಮಂಗನಬಾವೆಂದು ಬಗೆದು, ಪಟ್ಟು ಹಾಕಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಮಂಗನಬಾವು ಸಾಮಾನ್ಯವಾಗಿ ಹತ್ತು ದಿನಗಳೊಳಗೆ ತಾನಾಗಿಯೇ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದ, ಒತ್ತಿದರೆ ಎಲುಬಿನಂತೆ ಗಟ್ಟಿಯಾಗಿ ಹತ್ತುವ ಬಾವಿನ ಮೂಲವನ್ನು ದವಡೆಯೊಳಗೇ ಹುಡುಕಬೇಕು. ಅಲ್ಲಿಗೆ ಕಣ್ಣು ಹೋಗದು, ಕ್ಷ-ಕಿರಣ ಹೋಗುತ್ತದೆ.

ಆರು ವರ್ಷದ ಮಗುವಿನ ದವಡೆಯ ಚಿತ್ರವನ್ನು ಮೊದಲ ಸಲ ಕಂಡವರು ಗಾಬರಿಗೊಳ್ಳುವುದುಂಟು. 20 ಹಾಲುಹಲ್ಲುಗಳ ಬೇರುಗಳ ಬಳಿ, ಮುಂದೆ ಹುಟ್ಟಬೇಕಾದ ಹಲ್ಲುಗಳು ಮೊಗ್ಗುಗಳಂತೆ ಎಲುಬಿನೊಳಗೆ ಅಡಗಿರುತ್ತವೆ. ಪ್ರತಿ ಮೊಗ್ಗಿನ ಸುತ್ತ ತೆಳುವಾದ ಕಪ್ಪು ಅಂಚೂ ಇರುತ್ತದೆ. ಇದು ರೋಗವಲ್ಲ, ಬೆಳವಣಿಗೆ. ಆದರೆ ಆ ಅಂಚು ಅಗಲವಾಗಿ ಹಿಗ್ಗಿ, ಹುಟ್ಟದ ಹಲ್ಲನ್ನು ಅದರ ಸ್ಥಾನದಿಂದ ದೂರ ತಳ್ಳಿದ್ದರೆ, ಅಲ್ಲೊಂದು ನೀರುಚೀಲ ಬೆಳೆದಿರಬಹುದು. ಇದು ನೋವಿಲ್ಲದೆ ಬೆಳೆಯುವುದರಿಂದಲೇ ತಡವಾಗಿ ತಿಳಿಯುತ್ತದೆ.

ಹುಳುಕು ದವಡೆಹಲ್ಲಿನ ಸೋಂಕು ಎಲುಬಿಗೆ ಇಳಿದಾಗ, ಎಲುಬಿನ ಹೊರಮೈಯಲ್ಲಿ ಹೊಸ ಎಲುಬು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಾಣಬಹುದು. ಕೆಲವು ದುಷ್ಟ ಗಂತಿಗಳಲ್ಲಿಯೂ ಇಂಥದೇ ಪದರಗಳು ಕಾಣುವುದರಿಂದ, ಚಿತ್ರವೊಂದನ್ನೇ ನಂಬದೆ ವೈದ್ಯರು ಬಾವಿನ ಚೂರನ್ನು ತೆಗೆದು ಪರೀಕ್ಷಿಸುತ್ತಾರೆ. ಇದಕ್ಕೆ ಬೇಡವೆನ್ನಬೇಡಿರಿ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಅವಧಿಗೆ ಮುನ್ನ ಅಲುಗಾಡುವ ಹಲ್ಲಿನ ವಿಷಯದಲ್ಲಿ. ಉಗಾಂಡದಲ್ಲಿ ಸೇವೆ ಸಲ್ಲಿಸುತ್ತಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅವರು 1958ರಲ್ಲಿ, ಮಕ್ಕಳ ದವಡೆಯಲ್ಲಿ ಅತಿ ಶೀಘ್ರವಾಗಿ ಬೆಳೆಯುವ ಅರ್ಬುದವೊಂದನ್ನು ವರ್ಣಿಸಿದರು. ಹಲ್ಲಿನ ಬೇರನ್ನು ಸುತ್ತುವರಿದ ಸಣ್ಣ ಬಿಳಿ ಗೆರೆ ಅಳಿಸಿಹೋಗುವುದು ಅದರ ಆರಂಭದ ಸುಳಿವುಗಳಲ್ಲೊಂದು. ಅಪರೂಪವಾದರೂ ಇದು ಔಷಧಕ್ಕೆ ಚೆನ್ನಾಗಿ ಬಗ್ಗುವ ರೋಗ. ಚಿತ್ರ ತೆಗೆಸದೆ ಸಡಿಲವಾದ ಹಲ್ಲುಗಳನ್ನು ಒಂದೊಂದಾಗಿ ಕೀಳಿಸುತ್ತ ಕುಳಿತರೆ, ಗುಣವಾಗಬಹುದಾಗಿದ್ದ ವಾರಗಳು ಕೈತಪ್ಪುತ್ತವೆ.

ಕ್ಷ-ಕಿರಣದಿಂದ ಮಗುವಿಗೆ ಕೇಡಾಗದೇ ಎಂದು ನೀವು ಕೇಳಬಹುದು. ಹಲ್ಲಿನ ಚಿತ್ರಕ್ಕೆ ಬೇಕಾದ ಕಿರಣದ ಪ್ರಮಾಣ ಬಹಳ ಕಡಿಮೆ. ಆದರೂ ಅಗತ್ಯವಿಲ್ಲದೆ ತೆಗೆಸಬಾರದು. ಗರ್ಭಿಣಿಯಾದ ತಾಯಿ ಆ ಕೋಣೆಯಲ್ಲಿ ಮಗುವನ್ನು ಹಿಡಿದು ನಿಲ್ಲಲೂ ಬಾರದು, ಬೇರೊಬ್ಬರು ಹಿಡಿಯಲಿ. ಎರಡೂ ದವಡೆಗಳು ಒಂದೇ ಚಿತ್ರದಲ್ಲಿ ಬರುವ ಓ.ಪಿ.ಜಿ. ಪರೀಕ್ಷೆಗೆ ಮಗು ಕೆಲವು ಕ್ಷಣ ಅಲುಗಾಡದೆ ನಿಲ್ಲಬೇಕಾಗುತ್ತದೆ. ಮನೆಯಲ್ಲಿಯೇ ಆಟದಂತೆ ಅಭ್ಯಾಸ ಮಾಡಿಸಿ ಕರೆತನ್ನಿರಿ. ಹಿಂದೆ ತೆಗೆಸಿದ ಚಿತ್ರಗಳಿದ್ದರೆ ಅವುಗಳನ್ನೂ ಮಡಿಸದೆ ತನ್ನಿರಿ. ಬಾವು ಬೆಳೆದ ವೇಗವನ್ನು ವೈದ್ಯರು ಅಳೆಯುವುದು ಅವುಗಳಿಂದಲೇ.